ಬಾಗಿಲಿಗೆ ಬಂದವರಿಗೆ ಓಗೊಟ್ಟ ಮೋಗ್ಲಿಂಗ್

ಕಿಟೆಲ್ ಅಂದರೆ ನಮಗೆಲ್ಲ ಗೊತ್ತು. ಬೆಂಗಳೂರಿನಲ್ಲಿ ಅವರ ಪ್ರತಿಮೆ ಇದೆ, 1894ರ ಅವರ ನಿಘಂಟು ಇವತ್ತಿಗೂ ಬಳಕೆಯಲ್ಲಿದೆ. ಆದರೆ ಅವರಿಗಿಂತ ಮೊದಲೇ ಜರ್ಮನಿಯಿಂದ ಕನ್ನಡ ನಾಡಿಗೆ ಹೋದ ಹರ್ಮನ್ ಮೋಗ್ಲಿಂಗ್ ಹೆಸರು ಹೇಳಿದ್ರೆ, ನಮ್ಮ ಸಂಘದಲ್ಲೇ ಅರ್ಧ ಜನ ಯಾರಪ್ಪಾ ಅದು ಅಂತಾರೆ. ಓದೋಕೆ ಅಂತ ಇಲ್ಲಿಗೆ ಬಂದಿರುವ ನಾವು ಓಡಾಡುವ ಊರುಗಳೇ ಅವರ ಊರುಗಳು. ಅವರು ಓದಿದ್ದು ಟ್ಯೂಬಿಂಗನ್‌ನಲ್ಲಿ, ಕೊನೆಯುಸಿರೆಳೆದದ್ದು ಎಸ್ಲಿಂಗನ್‌ನಲ್ಲಿ. ಎರಡೂ ನೆಕ್ಕಾರ್ ನದಿಯ ದಡದ ಊರುಗಳು. ನಡುವೆ ಸುಮಾರು ಇಪ್ಪತ್ತನಾಲ್ಕು ವರ್ಷ ಅವರು ಕನ್ನಡದವರಾಗಿ ಬದುಕಿದರು.

ಮೋಗ್ಲಿಂಗ್ ಹುಟ್ಟಿದ್ದು 1811ರಲ್ಲಿ, ಬ್ರಾಕನ್‌ಹೈಮ್ ಎಂಬ ಊರಿನಲ್ಲಿ. ಟ್ಯೂಬಿಂಗನ್‌ನಲ್ಲಿ ದೇವತಾಶಾಸ್ತ್ರ ಓದುವಾಗ ಹರ್ಮನ್ ಗುಂಡರ್ಟ್ ಅವರ ಗೆಳೆತನವಾಯಿತು. ಮುಂದೆ ಮಲಯಾಳಂ ನಿಘಂಟು ಬರೆದ, ಕಾದಂಬರಿಕಾರ ಹರ್ಮನ್ ಹೆಸ್ಸೆಯ ತಾತನಾದ ಗುಂಡರ್ಟ್ ಇವರೇ. ಓದು ಮುಗಿಸಿದ ಮೋಗ್ಲಿಂಗ್ ಬಾಸೆಲ್ ಮಿಶನ್ ಸೇರಿ 1836ರಲ್ಲಿ ಮಂಗಳೂರಿಗೆ ಬಂದರು. ಮಿಶನ್ ಅಲ್ಲಿ ಕೆಲಸ ಶುರು ಮಾಡಿ ಆಗ ಎರಡೇ ವರ್ಷ.

ಅವರು ಬಂದಿದ್ದು ಕ್ರೈಸ್ತ ಧರ್ಮ ಸಾರೋಕೆ, ಅದನ್ನು ಮುಚ್ಚಿಡುವ ಅಗತ್ಯ ಇಲ್ಲ. ಅವರ ಬದುಕು ಓದ್ತಾ ಹೋದಾಗ ನಮ್ಮ ಗಮನ ಸೆಳೆದದ್ದು ಮಾತ್ರ ಬೇರೆ. ಅವರ ಬದುಕು ತಿರುವು ತೆಗೆದುಕೊಂಡಾಗಲೆಲ್ಲ ಬಾಗಿಲಲ್ಲಿ ಒಬ್ಬ ಮನುಷ್ಯ ನಿಂತಿರುತ್ತಾನೆ. ಹಾಕಿಕೊಂಡ ಯೋಜನೆ ಬದಿಗಿಟ್ಟು ಮೋಗ್ಲಿಂಗ್ ಆ ಮನುಷ್ಯನ ಕಡೆ ತಿರುಗುತ್ತಾರೆ.

ಮೊದಲು ಬಂದವರು ಶಾಲೆಯ ಹುಡುಗರು. ಆ ಕಾಲದಲ್ಲಿ ಯೂರೋಪಿನವರು ಅಂದರೆ ಬಂಗಲೆ, ಆಳುಕಾಳು, ಬೇರೆಯದೇ ಅಡುಗೆ. ಮೋಗ್ಲಿಂಗ್ ಮಂಗಳೂರಿನ ವಿದ್ಯಾರ್ಥಿನಿಲಯದಲ್ಲಿ ಹುಡುಗರ ಜೊತೆಗೇ ಇದ್ದರು, ಅವರು ಉಂಡ ಅನ್ನವನ್ನೇ ಉಂಡರು. ಹಾಸ್ಟೆಲ್ ಊಟ ಅಂದರೇನು ಅಂತ ಗೊತ್ತಿರುವ ನಮಗೆ ಇದು ಸಣ್ಣ ಮಾತು ಅನಿಸೋದಿಲ್ಲ. ಒಂದಿನ ಉಣ್ಣೋದು ಸುಲಭ, ದಿನಾ ಉಣ್ಣೋದು ಕಷ್ಟ.

ಜನರ ಜೊತೆ ಬದುಕಿದಾಗ ಅವರ ಮಾತೂ ಕಿವಿಗೆ ಬೀಳುತ್ತದೆ. 1843ರ ಜುಲೈ 1ರಂದು ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರತಂದರು. ಕನ್ನಡದ ಮೊದಲ ಪತ್ರಿಕೆ ಅದು. ಕಲ್ಲಚ್ಚಿನಲ್ಲಿ ಮುದ್ರಣ, ಹದಿನೈದು ದಿನಕ್ಕೊಮ್ಮೆ ಸಂಚಿಕೆ. ಊರಿನ ಸುದ್ದಿ, ಸರ್ಕಾರದ ಆದೇಶಗಳು, ದೂರದ ದೇಶಗಳ ವರ್ತಮಾನದ ಜೊತೆಗೆ ಗಾದೆ, ಕಥೆ, ದಾಸರ ಪದಗಳೂ ಅದರಲ್ಲಿದ್ದವು. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಆಯಿತು. ಕರ್ನಾಟಕದಲ್ಲಿ ಜುಲೈ 1ನ್ನು ಪತ್ರಿಕಾ ದಿನ ಅಂತ ಆಚರಿಸೋದು ಇದೇ ನೆನಪಿಗೆ.

ಆಮೇಲೆ ಬಂದದ್ದು ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಗ್ರಂಥಮಾಲೆ. ನಿವೃತ್ತ ನ್ಯಾಯಾಧೀಶ ಕಾಸಾಮೇಜರ್ ಖರ್ಚಿಗೆ ನೆರವಾದರು. ಓಲೆಗರಿಗಳಲ್ಲಿದ್ದ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳಂಥ ಕೃತಿಗಳು 1848ರಿಂದ ಮುಂದಕ್ಕೆ ಅಚ್ಚಾದವು. ಸಾವಿರಾರು ಕನ್ನಡ ಗಾದೆಗಳನ್ನೂ ಮೋಗ್ಲಿಂಗ್ ಕೂಡಿಹಾಕಿದರು. ಇದ್ಯಾವುದೂ ಅವರ ಧರ್ಮದ ಪುಸ್ತಕ ಅಲ್ಲ. ಎದುರಿಗಿರುವವರ ಮನಸ್ಸು ಅರಿಯಬೇಕಾದರೆ, ಅವರು ಏನನ್ನು ಹಾಡಿಕೊಂಡು ಬೆಳೆದರು ಅನ್ನೋದು ತಿಳಿದಿರಬೇಕಲ್ಲ.

ಪ್ರೀತಿಯ ದಾರಿ ಸಲೀಸಾಗೇನೂ ಇರಲಿಲ್ಲ. 1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಯುವಕ ಕ್ರೈಸ್ತನಾದಾಗ ಮಂಗಳೂರಿನಲ್ಲಿ ದೊಡ್ಡ ಗದ್ದಲ ಎದ್ದಿತು. ಅವರ ಹೆಂಡತಿ ಅವರ ಜೊತೆ ಬರಲಿಲ್ಲ. ಒಂದು ಮನೆ ಒಡೆಯಿತು. ಆ ನೋವನ್ನು ಬಿಟ್ಟು ಈ ಕಥೆ ಹೇಳಿದರೆ ಅರ್ಧ ಹೇಳಿದ ಹಾಗೆ. ಯಾರ ಪ್ರೀತಿ ದೊಡ್ಡದು, ಮನೆಯವರದ್ದೋ ಗುರುವಿನದ್ದೋ ಅಂತ ತೂಗಿ ನೋಡೋಕೆ ನಾವ್ಯಾರು? ತನ್ನನ್ನು ನಂಬಿ ಮನೆ ಬಿಟ್ಟವನ ಕೈಯನ್ನು ಮೋಗ್ಲಿಂಗ್ ಬಿಡಲಿಲ್ಲ ಅಂತ ಮಾತ್ರ ಹೇಳಬಹುದು. 1846ರಲ್ಲಿ ಊರಿಗೆ ಹೊರಟಾಗ ಕೌಂಡಿನ್ಯರನ್ನೂ ಕರೆದುಕೊಂಡು ಹೋದರು. ಬಾಸೆಲ್‌ನಲ್ಲಿ ಓದಿ, 1851ರಲ್ಲಿ ಪಾದ್ರಿಯಾಗಿ ದೀಕ್ಷೆ ಪಡೆದ ಕೌಂಡಿನ್ಯರು ಕನ್ನಡ ನಾಡಿಗೇ ಮರಳಿ ಕೆಲಸ ಮಾಡಿದರು.

1852ರ ಕೊನೆಯ ಹೊತ್ತಿಗೆ ಮೋಗ್ಲಿಂಗ್ ಅವರ ಆರೋಗ್ಯ ಕೆಟ್ಟಿತ್ತು, ಜರ್ಮನಿಗೆ ವಾಪಸ್ ಹೊರಡುವ ತಯಾರಿಯಲ್ಲಿದ್ದರು. ಅಷ್ಟರಲ್ಲಿ ಸೋಮಯ್ಯ ಎಂಬ ಕೊಡವರು ಸನ್ಯಾಸಿ ವೇಷದಲ್ಲಿ ಅವರನ್ನು ಹುಡುಕಿಕೊಂಡು ಮಂಗಳೂರಿಗೆ ಬಂದರು. 1853ರ ಜನವರಿಯಲ್ಲಿ ದೀಕ್ಷೆ ಪಡೆದ ಸೋಮಯ್ಯ ತಮ್ಮ ಊರಿಗೆ ಮರಳಬೇಕಿತ್ತು. ಅಲ್ಲಿ ಒಕ್ಕದವರ ವಿರೋಧ ಕಾದಿತ್ತು. ಅಂಥವರನ್ನು ಒಬ್ಬರನ್ನೇ ಕಳಿಸೋಕೆ ಮೋಗ್ಲಿಂಗ್‌ಗೆ ಮನಸ್ಸು ಬರಲಿಲ್ಲ. ಹಡಗಿನ ಪ್ರಯಾಣ ಕೈಬಿಟ್ಟು ಘಟ್ಟ ಹತ್ತಿದರು. ಒಬ್ಬರಿಗಾಗಿ ಹೋದವರು ವರ್ಷಗಟ್ಟಲೆ ಕೊಡಗಿನಲ್ಲೇ ಉಳಿದು, ಅಲ್ಲಿ ಶಾಲೆಯ ಕೆಲಸ ಮಾಡಿ, ಕೊಡಗಿನ ಬಗ್ಗೆ ಪುಸ್ತಕವನ್ನೂ ಬರೆದು 1855ರಲ್ಲಿ ಪ್ರಕಟಿಸಿದರು.

ಅದೇ ವರ್ಷ ಇನ್ನೊಂದು ಸುದ್ದಿ ಬಂತು. ಗೋಟ್‌ಫ್ರೀಡ್ ವೈಗ್ಲೆ ತೀರಿಕೊಂಡಿದ್ದರು. ಮೋಗ್ಲಿಂಗ್‌ಗೆ ಅವರು ಸಂಬಂಧಿಯೂ ಹೌದು, ಜೊತೆಯಲ್ಲಿ ದುಡಿದವರೂ ಹೌದು. ಹೆಂಡತಿ ಪೌಲಿನೆ ಮತ್ತು ನಾಲ್ಕು ಮಕ್ಕಳು ಉಳಿದರು. ಅಲ್ಲಿಯ ತನಕ ಒಂಟಿಯಾಗಿದ್ದ ಮೋಗ್ಲಿಂಗ್ ಪೌಲಿನೆಯನ್ನು ಮದುವೆಯಾಗಿ ಆ ನಾಲ್ವರಿಗೂ ತಂದೆಯಾದರು. ಶತಮಾನದ ಲೆಕ್ಕದಲ್ಲಿ ಪತ್ರಿಕೆ ದೊಡ್ಡದಿರಬಹುದು. ಆ ಮಕ್ಕಳ ಲೆಕ್ಕದಲ್ಲಿ ಇದೇ ದೊಡ್ಡದು.

1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರ ಕನ್ನಡದ ಕೆಲಸಕ್ಕೆ ಗೌರವ ಡಾಕ್ಟರೇಟ್ ಕೊಟ್ಟಿತು. ಆದರೆ ಪೌಲಿನೆಯ ಆರೋಗ್ಯ ಹದಗೆಡುತ್ತಾ ಹೋಯಿತು. ಕನ್ನಡ ನಾಡಿನ ಕೆಲಸ ಇನ್ನೂ ಬಾಕಿ ಇತ್ತು, ಹೆಂಡತಿಗೆ ಮಾತ್ರ ಊರಿನ ಹವೆ ಬೇಕಿತ್ತು. 1860ರಲ್ಲಿ ಮೋಗ್ಲಿಂಗ್ ಜರ್ಮನಿಗೆ ಮರಳಿದರು. ಸೋಮಯ್ಯನವರಿಗಾಗಿ ಬಿಟ್ಟಿದ್ದ ಹಡಗನ್ನು ಪೌಲಿನೆಗಾಗಿ ಹತ್ತಿದರು. 1881ರಲ್ಲಿ ಎಸ್ಲಿಂಗನ್‌ನಲ್ಲಿ ತೀರಿಕೊಂಡರು. ಮರುವರ್ಷ ಅವರ ಜೀವನಚರಿತ್ರೆ ಬರೆದವರು ವಿದ್ಯಾರ್ಥಿ ದಿನಗಳ ಅದೇ ಗೆಳೆಯ, ಗುಂಡರ್ಟ್.

ಇಂಜಿನಿಯರಿಂಗ್ ಓದಿದ ನಮ್ಮಂಥವರಿಗೆ ಪ್ಲಾನ್ ಅಂದರೆ ಪ್ರಾಣ. ಥೀಸಿಸ್, ಇಂಟರ್ನ್‌ಶಿಪ್, ವೀಸಾ, ಎಲ್ಲಕ್ಕೂ ತಾರೀಖು. ಮೋಗ್ಲಿಂಗ್ ಬಳಿಯೂ ಪ್ಲಾನ್ ಇತ್ತು, ಅದಕ್ಕಿಂತ ಮುಂದೆ ಮನುಷ್ಯರಿದ್ದರು. ಅವರ ಧರ್ಮ ನಮ್ಮಲ್ಲಿ ಕೆಲವರದ್ದು, ಹಲವರದ್ದಲ್ಲ. ಆದರೂ ಅವರ ಈ ಗುಣ ನಮಗೆಲ್ಲ ಬೇಕಾದದ್ದೇ. ಚಳಿಗಾಲದ ಸೆಮಿಸ್ಟರ್‌ಗೆ ಊರಿಂದ ಹೊಸಬರು ಬರ್ತಾರೆ. ಅನ್ಮೆಲ್ಡುಂಗ್ ಹೇಗೆ ಮಾಡಿಸೋದು, ಅಕ್ಕಿ ಎಲ್ಲಿ ಸಿಗುತ್ತೆ ಅಂತ ಪರೀಕ್ಷೆಯ ಹಿಂದಿನ ರಾತ್ರಿಯೇ ಫೋನ್ ಮಾಡ್ತಾರೆ. ಫೋನ್ ಎತ್ತೋಣ.