ನೂರು ಪೌಂಡ್ ಸಂಬಳದ ಜಾನಿ ಹೇನ್ಸ್: ಫುಲ್ಹಾಮ್ ಬಿಟ್ಟು ಹೋಗದ ಇಂಗ್ಲೆಂಡ್ ನಾಯಕ

ಮಳೆಗಾಲ ಬಂತೆಂದರೆ ಮುಂಬಯಿ ಮಹಾನಗರದ ಮೈದಾನಗಳಲ್ಲಿ ಕೆಸರಿನ ನಡುವೆ ಫುಟ್ಬಾಲ್ ಆಡುವ ನಮ್ಮ ಮಕ್ಕಳ ಮೈಮೇಲೆ ಮ್ಯಾಂಚೆಸ್ಟರ್ ಯುನೈಟೆಡ್, ಲಿವರ್‌ಪೂಲ್, ಆರ್ಸೆನಲ್ ಮುಂತಾದ ಕ್ಲಬ್ಬುಗಳ ಅಂಗಿಗಳು ಕಾಣಸಿಗುತ್ತವೆ. ಗೆಲ್ಲುವ ತಂಡದ ಅಂಗಿಗೇ ಬೇಡಿಕೆ ಹೆಚ್ಚು. ಆಟಗಾರರ ವಿಷಯದಲ್ಲೂ ಹಾಗೆಯೇ. ಸಣ್ಣ ಕ್ಲಬ್ಬಿನಲ್ಲಿ ಹೆಸರು ಮಾಡಿದವನನ್ನು ಮರುವರ್ಷವೇ ದೊಡ್ಡ ಕ್ಲಬ್ಬು ಕೊಂಡುಕೊಳ್ಳುತ್ತದೆ. ಇಂತಹ ಇಂಗ್ಲೆಂಡಿನಲ್ಲಿಯೇ ದೇಶದ ತಂಡದ ನಾಯಕನಾಗಿಯೂ ಒಂದೇ ಒಂದು ದೊಡ್ಡ ಪ್ರಶಸ್ತಿ ಗೆಲ್ಲದ ಕ್ಲಬ್ಬಿನಲ್ಲಿ ತಮ್ಮ ಆಟದ ಬದುಕನ್ನೆಲ್ಲ ಸವೆಸಿದವರು ಜಾನಿ ಹೇನ್ಸ್. ಇಂಗ್ಲೆಂಡಿನಲ್ಲಿ ವಾರಕ್ಕೆ ನೂರು ಪೌಂಡ್ ಸಂಬಳ ಪಡೆದ ಮೊದಲ ಫುಟ್ಬಾಲ್ ಆಟಗಾರರೆಂದು ಹೆಸರಾದವರೂ ಇವರೇ. ಹಣ ಮತ್ತು ನಿಷ್ಠೆ ಎರಡೂ ಒಬ್ಬರ ಬದುಕಿನಲ್ಲೇ ಹೆಣೆದುಕೊಂಡಿದ್ದರಿಂದ ಅವರ ಕಥೆ ಸ್ವಲ್ಪ ತೊಡಕಿನದು, ಆದ್ದರಿಂದಲೇ ಕುತೂಹಲದ್ದು ಕೂಡ.

ಜಾನಿ ಹೇನ್ಸ್ ಜನಿಸಿದ್ದು 1934ರ ಅಕ್ಟೋಬರ್ 17ರಂದು ಲಂಡನ್ನಿನ ಕೆಂಟಿಶ್ ಟೌನ್‌ನಲ್ಲಿ. ಬೆಳೆದದ್ದು ಉತ್ತರ ಲಂಡನ್ನಿನ ಎಡ್ಮಂಟನ್ ಪರಿಸರದಲ್ಲಿ. ತಂದೆ ಅಂಚೆ ಇಲಾಖೆಯ ಟೆಲಿಫೋನ್ ವಿಭಾಗದಲ್ಲಿದ್ದರು. ಒಬ್ಬನೇ ಮಗ. ಲ್ಯಾಟಿಮರ್ ಶಾಲೆಯಲ್ಲಿ ಓದುತ್ತಿದ್ದಾಗಲೇ ಆಟದಲ್ಲಿ ಎದ್ದು ಕಂಡ ಈ ಹುಡುಗ 1950ರಲ್ಲಿ ವೆಂಬ್ಲಿ ಮೈದಾನದಲ್ಲಿ ಇಂಗ್ಲೆಂಡಿನ ಶಾಲಾ ಬಾಲಕರ ತಂಡದ ಪರ ಸ್ಕಾಟ್ಲೆಂಡ್ ವಿರುದ್ಧ ಆಡಿದಾಗ ಇಂಗ್ಲೆಂಡ್ 8-2ರಿಂದ ಗೆದ್ದಿತು. ಮರುದಿನದಿಂದಲೇ ಹದಿನೈದರ ಈ ಪೋರನ ಮೇಲೆ ಹೆಸರಾಂತ ಕ್ಲಬ್ಬುಗಳ ಕಣ್ಣು ಬಿತ್ತು. ಎಡ್ಮಂಟನ್‌ನಿಂದ ಟಾಟನ್‌ಹ್ಯಾಮ್ ಕೂಗಳತೆಯ ದೂರ, ಆರ್ಸೆನಲ್ ಕೂಡ ದೂರವೇನಲ್ಲ. ಆದರೆ ಹುಡುಗ ಆರಿಸಿಕೊಂಡದ್ದು ನಗರದ ಇನ್ನೊಂದು ದಿಕ್ಕಿನಲ್ಲಿ ಥೇಮ್ಸ್ ನದಿಯ ದಡದಲ್ಲಿದ್ದ ಫುಲ್ಹಾಮ್ ಕ್ಲಬ್ಬನ್ನು. ಗೆಳೆಯ ಟಾಶ್ ಚೇಂಬರ್ಲೇನ್ ಅದಾಗಲೇ ಅಲ್ಲಿದ್ದರು. ಜೊತೆಗೆ, ಸಣ್ಣ ಕ್ಲಬ್ಬಿನಲ್ಲಾದರೆ ಮೊದಲ ತಂಡದಲ್ಲಿ ಬೇಗ ಅವಕಾಶ ಸಿಕ್ಕೀತೆಂಬ ಲೆಕ್ಕಾಚಾರವೂ ಇತ್ತು. ನಿಷ್ಠೆಯ ಕಥೆ ಆರಂಭವಾದದ್ದು ಹೀಗೆ, ಒಂದು ಸಾಮಾನ್ಯ ಲೆಕ್ಕಾಚಾರದಿಂದ.

ಫುಲ್ಹಾಮ್ ಹುಟ್ಟಿದ್ದು 1879ರಲ್ಲಿ, ಊರಿನ ಚರ್ಚೊಂದರ ಭಾನುವಾರದ ಶಾಲೆಯ ಹುಡುಗರು ಕ್ರಿಕೆಟ್ ಮತ್ತು ಫುಟ್ಬಾಲ್ ಆಡಲು ಕಟ್ಟಿಕೊಂಡ ತಂಡವಾಗಿ. ಕ್ರೇವನ್ ಕಾಟೇಜ್ ಎಂಬ ಅದರ ಮೈದಾನದ ಮೂಲೆಯಲ್ಲಿ ಮನೆಯಂತಹ ಪುಟ್ಟ ಕಟ್ಟಡ, ಒಂದು ಪಕ್ಕದಲ್ಲಿ ನದಿ. ಲೀಗ್ ಪಟ್ಟ, ಎಫ್‌ಎ ಕಪ್ ಇವ್ಯಾವುದೂ ಅದಕ್ಕೆ ಒಲಿದಿರಲಿಲ್ಲ. ಹೇನ್ಸ್ ಸೇರಿದ ವರ್ಷ ಕ್ಲಬ್ಬು ಮೊದಲನೇ ಡಿವಿಜನ್‌ನಲ್ಲಿತ್ತಾದರೂ 1952ರಲ್ಲಿ ಕೆಳಗಿಳಿಯಿತು. ಆ ವರ್ಷದ ಕ್ರಿಸ್‌ಮಸ್ ಮರುದಿನ ಸೌತಾಂಪ್ಟನ್ ವಿರುದ್ಧ ಹದಿನೆಂಟು ವರ್ಷದ ಹೇನ್ಸ್ ಪದಾರ್ಪಣೆ ಮಾಡಿದಾಗ ಅದು ಎರಡನೇ ಡಿವಿಜನ್ನಿನ ಪಂದ್ಯ. ಮುಂದಿನ ಆರು ವರ್ಷಗಳಿಗೂ ಹೆಚ್ಚು ಕಾಲ ಅವರು ಆಡಿದ್ದು ಅಲ್ಲಿಯೇ.

ಇಂಗ್ಲೆಂಡಿನ ಲೀಗ್ ಪದ್ಧತಿ ತಿಳಿಯದವರಿಗೆ ಒಂದು ಮಾತು. ವರ್ಷದ ಕೊನೆಗೆ ಕೆಳಗಿನ ಸ್ಥಾನದಲ್ಲಿರುವ ತಂಡಗಳು ಒಂದು ಡಿವಿಜನ್ ಕೆಳಗಿಳಿಯುತ್ತವೆ, ಕೆಳಗಿನ ಡಿವಿಜನ್ನಿನ ಮೇಲಿನ ತಂಡಗಳು ಮೇಲೇರುತ್ತವೆ. ಎರಡನೇ ಡಿವಿಜನ್ ಆಟಗಾರನನ್ನು ದೇಶದ ತಂಡದ ಆಯ್ಕೆಗಾರರು ನೋಡುವುದೇ ಅಪರೂಪ. ಹೇನ್ಸ್ ಮಾತ್ರ 1954ರ ಅಕ್ಟೋಬರ್‌ನಲ್ಲಿ ಬೆಲ್‌ಫಾಸ್ಟ್‌ನಲ್ಲಿ ಉತ್ತರ ಐರ್ಲೆಂಡ್ ವಿರುದ್ಧ ಇಂಗ್ಲೆಂಡ್ ಪರ ಕಣಕ್ಕಿಳಿದು ಮೊದಲ ಪಂದ್ಯದಲ್ಲೇ ಗೋಲು ಹೊಡೆದರು. 1958ರ ವಿಶ್ವಕಪ್‌ಗೆ ಸ್ವೀಡನ್ನಿಗೆ ಹೋದಾಗಲೂ, ಅದೇ ವರ್ಷದ ಅಕ್ಟೋಬರ್‌ನಲ್ಲಿ ವೆಂಬ್ಲಿಯಲ್ಲಿ ಸೋವಿಯತ್ ಒಕ್ಕೂಟವನ್ನು ಇಂಗ್ಲೆಂಡ್ 5-0ರಿಂದ ಸೋಲಿಸಿದ ಪಂದ್ಯದಲ್ಲಿ ಮೂರು ಗೋಲು ಹೊಡೆದಾಗಲೂ ಅವರು ಎರಡನೇ ಡಿವಿಜನ್ ಆಟಗಾರರೇ. ಮೈದಾನದ ಮಧ್ಯದಲ್ಲಿ ನಿಂತು ಮೂವತ್ತು ನಲವತ್ತು ಗಜ ದೂರದ ಜೊತೆಗಾರನ ಓಟಕ್ಕೆ ಸರಿಯಾಗಿ ಚೆಂಡನ್ನು ಕಳುಹಿಸುವುದರಲ್ಲಿ ಅವರಿಗೆ ಅವರೇ ಸಾಟಿ. ಆದರೆ ಆ ಚೆಂಡು ತಲುಪಬೇಕಾದವರು ತಲುಪದಿದ್ದರೆ ಸೊಂಟದ ಮೇಲೆ ಎರಡೂ ಕೈಯಿಟ್ಟು ದುರುಗುಟ್ಟಿ ನೋಡುವುದೂ ಅವರ ಅಭ್ಯಾಸವಾಗಿತ್ತು. ನಿಷ್ಠಾವಂತರೆಲ್ಲ ಸೌಮ್ಯ ಸ್ವಭಾವದವರಾಗಿರಬೇಕೆಂದೇನೂ ಇಲ್ಲ. ತಮ್ಮ ಮಟ್ಟಕ್ಕೆ ನಿಲ್ಲದ ತಂಡದೊಡನೆ ವರ್ಷಗಟ್ಟಲೆ ಆಡುವವನ ಅಸಹನೆಯೂ ಆ ನೋಟದಲ್ಲಿ ಇದ್ದಿರಬೇಕು.

1958ರಲ್ಲಿ ಫುಲ್ಹಾಮ್ ಎಫ್‌ಎ ಕಪ್ ಸೆಮಿಫೈನಲ್ ತಲುಪಿತು. ಎದುರಾಳಿ, ಕೆಲವೇ ವಾರಗಳ ಹಿಂದೆ ಮ್ಯೂನಿಕ್ ವಿಮಾನ ದುರಂತದಲ್ಲಿ ಆಟಗಾರರನ್ನು ಕಳೆದುಕೊಂಡಿದ್ದ ಮ್ಯಾಂಚೆಸ್ಟರ್ ಯುನೈಟೆಡ್. ದೇಶದ ಅನುಕಂಪವೆಲ್ಲ ಆ ಕಡೆಗಿತ್ತು. ಮೊದಲ ಪಂದ್ಯ 2-2 ಸಮವಾಗಿ, ಮರುಪಂದ್ಯದಲ್ಲಿ ಫುಲ್ಹಾಮ್ 5-3ರಿಂದ ಸೋತಿತು. 1962ರಲ್ಲಿ ಮತ್ತೆ ಸೆಮಿಫೈನಲ್, ಮತ್ತೆ ಮರುಪಂದ್ಯ, ಈ ಬಾರಿ ಬರ್ನ್‌ಲಿ ವಿರುದ್ಧ ಸೋಲು. ಈ ನಡುವೆ 1959ರಲ್ಲಿ ತಂಡ ಮೊದಲನೇ ಡಿವಿಜನ್‌ಗೆ ಮರಳಿತ್ತು. ಇಷ್ಟೇ ಅವರ ಫುಲ್ಹಾಮ್ ಕಾಲದ ಸಂಭ್ರಮ.

ಇನ್ನು ಹಣದ ಮಾತು. ಆಗ ಇಂಗ್ಲೆಂಡಿನಲ್ಲಿ ಆಟಗಾರರ ಸಂಬಳಕ್ಕೆ ಮಿತಿ ಇತ್ತು. ಎಷ್ಟೇ ದೊಡ್ಡ ಆಟಗಾರನಾಗಿರಲಿ, ಎಷ್ಟೇ ಶ್ರೀಮಂತ ಕ್ಲಬ್ಬಾಗಿರಲಿ, 1960ರ ಹೊತ್ತಿಗೆ ಆಟದ ತಿಂಗಳುಗಳಲ್ಲಿ ವಾರಕ್ಕೆ 20 ಪೌಂಡ್, ಬೇಸಿಗೆಯಲ್ಲಿ 17 ಪೌಂಡ್, ಅದರ ಮೇಲೆ ಇಲ್ಲ. ಇನ್ನೊಂದು ನಿಯಮವೂ ಇತ್ತು. ಒಪ್ಪಂದದ ಅವಧಿ ಮುಗಿದರೂ ಕ್ಲಬ್ಬು ಬಯಸಿದರೆ ಆಟಗಾರನ ನೋಂದಣಿಯನ್ನು ತನ್ನಲ್ಲಿಯೇ ಉಳಿಸಿಕೊಳ್ಳಬಹುದಿತ್ತು. ಅದರ ಒಪ್ಪಿಗೆಯಿಲ್ಲದೆ ಬೇರೆ ಕ್ಲಬ್ಬಿಗೆ ಆಡುವಂತಿರಲಿಲ್ಲ. ಹಾಗಾಗಿ ಹಳೆಯ ಕಾಲದ ಆಟಗಾರರ ನಿಷ್ಠೆಯನ್ನು ಹೊಗಳುವವರು ಇದನ್ನು ಮರೆಯಬಾರದು. ಹೋದರೂ ಅಷ್ಟೇ ಸಂಬಳ, ಹೋಗಬೇಕೆಂದರೂ ಯಜಮಾನರು ಬಿಡಬೇಕು. ಅಂದಿನ ನಿಷ್ಠೆಯಲ್ಲಿ ಅರ್ಧ ಪಾಲು ಪ್ರೀತಿಯಾದರೆ ಅರ್ಧ ಪಾಲು ಬೀಗ.

ಆ ಬೀಗ ಒಡೆಯುವ ಹೋರಾಟಕ್ಕೆ ನಾಯಕತ್ವ ವಹಿಸಿದವರು ಹೇನ್ಸ್ ಅವರ ಫುಲ್ಹಾಮ್ ಜೊತೆಗಾರರೇ ಆಗಿದ್ದ ಜಿಮ್ಮಿ ಹಿಲ್. ಆಟಗಾರರ ಸಂಘದ ಅಧ್ಯಕ್ಷರಾಗಿದ್ದ ಹಿಲ್ ಮುಷ್ಕರದ ಎಚ್ಚರಿಕೆ ನೀಡಿದರು. 1961ರ ಜನವರಿಯಲ್ಲಿ ಮುಷ್ಕರಕ್ಕೆ ಕೆಲವೇ ದಿನಗಳಿರುವಾಗ ಲೀಗ್ ಮಣಿದು ಸಂಬಳದ ಮಿತಿಯನ್ನು ಕೈಬಿಟ್ಟಿತು. ಫುಲ್ಹಾಮ್ ಕ್ಲಬ್ಬಿನ ಅಧ್ಯಕ್ಷ ಟಾಮಿ ಟ್ರಿಂಡರ್ ರಂಗದ ಮೇಲೆ ಜನರನ್ನು ನಗಿಸುವ ಹೆಸರಾಂತ ಹಾಸ್ಯನಟ. ಮಿತಿ ಹೋದರೆ ಹೇನ್ಸ್‌ಗೆ ವಾರಕ್ಕೆ ನೂರು ಪೌಂಡ್ ಕೊಡುವುದಾಗಿ ಅವರು ಮೊದಲೇ ಬಹಿರಂಗವಾಗಿ ಹೇಳಿಬಿಟ್ಟಿದ್ದರು. ಈಗ ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಮಾತಿಗೆ ತಪ್ಪಲಿಲ್ಲ ಎಂಬುದು ಟ್ರಿಂಡರ್ ಅವರ ದೊಡ್ಡತನ. ಕಾರ್ಖಾನೆಯ ಕೆಲಸಗಾರ ವಾರಕ್ಕೆ ಸುಮಾರು 15 ಪೌಂಡ್ ದುಡಿಯುತ್ತಿದ್ದ ಕಾಲದಲ್ಲಿ ಈ ಸುದ್ದಿ ಸಂಚಲನ ಮೂಡಿಸಿತು.

ಅದೇ ವರ್ಷ ಇಟಲಿಯ ಶ್ರೀಮಂತ ಕ್ಲಬ್ಬುಗಳು ಇಂಗ್ಲೆಂಡಿನ ಆಟಗಾರರನ್ನು ಹಣದ ಥೈಲಿ ತೋರಿಸಿ ಕರೆಯುತ್ತಿದ್ದವು. ಜಿಮ್ಮಿ ಗ್ರೀವ್ಸ್ ಮಿಲಾನ್‌ಗೆ, ಡೆನಿಸ್ ಲಾ ಟೊರಿನೊಗೆ ಹೋದರು. ಮಿಲಾನ್‌ನ ಕಣ್ಣು ಹೇನ್ಸ್ ಮೇಲೂ ಬಿದ್ದಿತ್ತು. ಅವರು ಹೋಗಲಿಲ್ಲ. ಫುಲ್ಹಾಮ್ ಬಿಡಲಿಲ್ಲ, ಅವರು ಹಟ ಹಿಡಿಯಲೂ ಇಲ್ಲ. ಲಂಡನ್ ಅವರಿಗೆ ಪ್ರಿಯವಾಗಿತ್ತು. ಬಾಗೆನಲ್ ಹಾರ್ವೆ ಎಂಬ ಏಜೆಂಟರ ಮೂಲಕ ಜಾಹೀರಾತಿನ ಆದಾಯವೂ ಬರುತ್ತಿತ್ತು. ನಮ್ಮ ಹಿರಿಯರ ಕನ್ನಡಿಯ ಮುಂದೆಯೂ ಇರುತ್ತಿದ್ದ ಬ್ರಿಲ್‌ಕ್ರೀಮ್ ಡಬ್ಬಿಯ ಜಾಹೀರಾತಿನಲ್ಲಿ ಕಾಣಿಸಿಕೊಂಡ ಮುಖ ಇವರದೇ. ಆದ್ದರಿಂದ ಹೇನ್ಸ್ ಹಣ ತಿರಸ್ಕರಿಸಿದ ತ್ಯಾಗಿ ಎನ್ನುವುದು ಸರಿಯಾಗದು. ಅವರು ತಿರಸ್ಕರಿಸಿದ್ದು ಪದಕಗಳನ್ನು. ಹಣ ಸ್ವಲ್ಪ ಮಟ್ಟಿಗೆ ಬಂತು, ಗೆಲುವು ಬರಲಿಲ್ಲ. ಆ ನೂರು ಪೌಂಡ್ ಕೂಡ ಫುಲ್ಹಾಮ್‌ನಲ್ಲಿದ್ದಷ್ಟು ಕಾಲ ನೂರೇ ಆಗಿ ಉಳಿಯಿತು, ಏರಲೇ ಇಲ್ಲ. ಹೊರನಾಡಿನಲ್ಲಿ ಸಣ್ಣ ಸಂಘವೊಂದನ್ನು ದಶಕಗಳ ಕಾಲ ನಡೆಸಿಕೊಂಡು ಬಂದ ಪದಾಧಿಕಾರಿಗಳಿಗೆ ಈ ಬಗೆಯ ಲೆಕ್ಕ ಅಪರಿಚಿತವೇನಲ್ಲ. ಉಳಿದವನು ಉಳಿದೇ ಉಳಿಯುತ್ತಾನೆ ಎಂದು ಗೊತ್ತಾದ ಮೇಲೆ ಅವನಿಗೆ ಹೆಚ್ಚು ಕೊಡಬೇಕೆಂದು ಯಾರಿಗೂ ತೋಚುವುದಿಲ್ಲ.

1961ರ ಏಪ್ರಿಲ್‌ನಲ್ಲಿ ಹೇನ್ಸ್ ನಾಯಕತ್ವದಲ್ಲಿ ಇಂಗ್ಲೆಂಡ್ ವೆಂಬ್ಲಿಯಲ್ಲಿ ಸ್ಕಾಟ್ಲೆಂಡನ್ನು 9-3ರಿಂದ ಸೋಲಿಸಿತು. ಮರುವರ್ಷ ಚಿಲಿಯ ವಿಶ್ವಕಪ್‌ನಲ್ಲೂ ಅವರೇ ನಾಯಕರು. ಅಲ್ಲಿಂದ ಮರಳಿದ ಎರಡೇ ತಿಂಗಳಲ್ಲಿ, 1962ರ ಆಗಸ್ಟ್‌ನಲ್ಲಿ, ಬ್ಲ್ಯಾಕ್‌ಪೂಲ್‌ನಲ್ಲಿ ಕಾರು ಅಪಘಾತಕ್ಕೀಡಾಗಿ ಕಾಲಿಗೂ ಮೊಣಕಾಲಿಗೂ ತೀವ್ರ ಪೆಟ್ಟಾಯಿತು. ಆಗ ವಯಸ್ಸು 27. ಫುಲ್ಹಾಮ್‌ಗೆ ಮತ್ತೆ ಆಡಿದರಾದರೂ ದೇಶದ ತಂಡದ ಬಾಗಿಲು ಮುಚ್ಚಿಹೋಯಿತು. 56 ಪಂದ್ಯ, ಅದರಲ್ಲಿ 22ರಲ್ಲಿ ನಾಯಕತ್ವ, 18 ಗೋಲು. 1966ರಲ್ಲಿ ಇಂಗ್ಲೆಂಡ್ ವಿಶ್ವಕಪ್ ಗೆದ್ದಾಗ ಆ ತಂಡದಲ್ಲಿ ಫುಲ್ಹಾಮ್‌ನ ಜಾರ್ಜ್ ಕೊಹೆನ್ ಇದ್ದರು, ಹೇನ್ಸ್ ಇರಲಿಲ್ಲ.

ಹೋದವರ ಕಥೆಯನ್ನೂ ಪಕ್ಕದಲ್ಲಿಟ್ಟು ನೋಡಬೇಕು. 1964ರಲ್ಲಿ ಫುಲ್ಹಾಮ್ ತನ್ನ ಯುವ ಆಟಗಾರ ಅಲನ್ ಮುಲೆರಿಯನ್ನು 72,500 ಪೌಂಡಿಗೆ ಟಾಟನ್‌ಹ್ಯಾಮ್‌ಗೆ ಮಾರಿತು. ಮುಲೆರಿ ಅಲ್ಲಿ 1967ರಲ್ಲಿ ಎಫ್‌ಎ ಕಪ್, ಮುಂದೆ ನಾಯಕರಾಗಿ ಯುಇಎಫ್‌ಎ ಕಪ್ ಗೆದ್ದರು. ಅವರನ್ನು ದ್ರೋಹಿ ಎನ್ನಲಾದೀತೇ? ಕ್ಲಬ್ಬಿಗೆ ಹಣ ಬೇಕಿತ್ತು, ಆಟಗಾರನಿಗೆ ಗೆಲುವು ಬೇಕಿತ್ತು. 1972ರಲ್ಲಿ ಮುಲೆರಿ ಫುಲ್ಹಾಮ್‌ಗೇ ಮರಳಿ, 1975ರಲ್ಲಿ ಎರಡನೇ ಡಿವಿಜನ್ನಿನ ಆ ತಂಡವನ್ನು ಎಫ್‌ಎ ಕಪ್ ಫೈನಲ್‌ಗೆ ಕೊಂಡೊಯ್ದರು. ಆದರೆ ಹೀಗೆ ಒಳ್ಳೆಯವರನ್ನು ಮಾರುತ್ತಾ ಹೋದ ತಂಡದಲ್ಲಿ ಉಳಿದವರ ಪಾಡು ಕಷ್ಟ. 1968ರಲ್ಲಿ ಫುಲ್ಹಾಮ್ ಮೊದಲನೇ ಡಿವಿಜನ್‌ನಿಂದ ಕೆಳಗಿಳಿಯಿತು. 1969ರಲ್ಲಿ ಎರಡನೆಯದರಿಂದಲೂ ಕೆಳಗಿಳಿಯಿತು. ಒಂದು ಕಾಲದ ಇಂಗ್ಲೆಂಡ್ ನಾಯಕ ಮೂವತ್ತೈದರ ವಯಸ್ಸಿನಲ್ಲಿ ಮೂರನೇ ಡಿವಿಜನ್ನಿನ ಮೈದಾನಗಳಲ್ಲಿ ಆಡಿದರು. 1970ರ ಜನವರಿಯಲ್ಲಿ ಸ್ಟಾಕ್‌ಪೋರ್ಟ್ ಕೌಂಟಿ ವಿರುದ್ಧ ಕೊನೆಯ ಪಂದ್ಯ. ಒಟ್ಟು 658 ಪಂದ್ಯ, 158 ಗೋಲು, ಪದಕ ಒಂದೂ ಇಲ್ಲ.

ಲೀಗ್ ಪದಕ ಅವರಿಗೆ ದೊರೆತದ್ದು ಬೇರೆಲ್ಲೋ. ದಕ್ಷಿಣ ಆಫ್ರಿಕಾಕ್ಕೆ ತೆರಳಿ ಡರ್ಬನ್ ಸಿಟಿ ತಂಡದ ಪರ ಆಡಿ ಅಲ್ಲಿನ ಲೀಗ್ ಗೆದ್ದರು. ಗಾಂಧೀಜಿ 1893ರಲ್ಲಿ ಬಂದಿಳಿದ ಅದೇ ಡರ್ಬನ್. ವರ್ಣಭೇದ ನೀತಿಯ ಆ ದಿನಗಳಲ್ಲಿ ಈ ಲೀಗ್ ಬಿಳಿಯರಿಗೆ ಮಾತ್ರ ಮೀಸಲು. ಊರಿನಲ್ಲಿ ಸಾವಿರಾರು ಸಂಖ್ಯೆಯಲ್ಲಿದ್ದ ಭಾರತೀಯ ಮೂಲದವರು ತಮ್ಮದೇ ಬೇರೆ ಲೀಗ್‌ಗಳಲ್ಲಿ ಆಡಬೇಕಿತ್ತು. ಹೇನ್ಸ್ ಬದುಕಿನ ಏಕೈಕ ಲೀಗ್ ಪದಕದ ಬಗ್ಗೆ ಬರೆಯುವಾಗ ಇದನ್ನು ಮರೆಮಾಚುವುದು ನ್ಯಾಯವಲ್ಲ.

1985ರ ಸುಮಾರಿಗೆ ಅವರು ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ನೆಲೆಸಿ ಡ್ರೈಕ್ಲೀನಿಂಗ್ ವ್ಯವಹಾರದಲ್ಲಿ ತೊಡಗಿಕೊಂಡರು. ಈ ನಡುವೆ ಫುಲ್ಹಾಮ್ ನಾಲ್ಕನೇ ಸ್ತರದವರೆಗೂ ಕುಸಿಯಿತು. 1997ರಲ್ಲಿ ಲಂಡನ್ನಿನ ಹ್ಯಾರೋಡ್ಸ್ ಅಂಗಡಿಯ ಮಾಲಕ ಮೊಹಮ್ಮದ್ ಅಲ್ ಫಯೇದ್ ಕ್ಲಬ್ಬನ್ನು ಕೊಂಡು ಹಣ ಸುರಿದರು. ನಾಲ್ಕೇ ವರ್ಷಗಳಲ್ಲಿ, 2001ರಲ್ಲಿ, ಫುಲ್ಹಾಮ್ ಅಗ್ರ ಲೀಗ್‌ಗೆ ಮರಳಿತು. ಹೇನ್ಸ್ ಅವರಂತಹವರ ಆಟ ಉಳಿಸಿಕೊಳ್ಳಲಾಗದ್ದನ್ನು ಹಣ ಮರಳಿ ತಂದುಕೊಟ್ಟಿತು ಎಂಬುದನ್ನು ನಿಷ್ಠೆಯ ಅಭಿಮಾನಿಗಳೂ ಒಪ್ಪಲೇಬೇಕು. ಹಾಗೆಂದು ಆ ಮೂವತ್ತಮೂರು ವರ್ಷ ಮಳೆಯಲ್ಲಿ ನೆನೆಯುತ್ತಾ ಕ್ರೇವನ್ ಕಾಟೇಜ್‌ಗೆ ಬಂದವರನ್ನು ಕರೆತಂದದ್ದು ಹಣವಲ್ಲ.

2005ರ ಅಕ್ಟೋಬರ್ 17, ಹೇನ್ಸ್ ಅವರ 71ನೇ ಹುಟ್ಟುಹಬ್ಬ. ಅಂದು ಎಡಿನ್‌ಬರೋದಲ್ಲಿ ಕಾರು ಚಲಾಯಿಸುತ್ತಿದ್ದಾಗ ಮಿದುಳಿನ ರಕ್ತಸ್ರಾವದಿಂದ ನಿಯಂತ್ರಣ ತಪ್ಪಿ ಅಪಘಾತವಾಯಿತು. ಮರುದಿನ ಅವರು ಕೊನೆಯುಸಿರೆಳೆದರು. 1905ರಲ್ಲಿ ಕಟ್ಟಿದ, ಸ್ಟೀವನೇಜ್ ರಸ್ತೆಯ ಬದಿಯ ಪ್ರೇಕ್ಷಕರ ಗ್ಯಾಲರಿಗೆ ಫುಲ್ಹಾಮ್ ಅವರ ಹೆಸರಿಟ್ಟಿತು. 2008ರಲ್ಲಿ ಮೈದಾನದ ಹೊರಗೆ ಅವರ ಪ್ರತಿಮೆ ನಿಂತಿತು. 2011ರಲ್ಲಿ ಫಯೇದ್ ತಮ್ಮ ಗೆಳೆಯ, ಗಾಯಕ ಮೈಕಲ್ ಜಾಕ್ಸನ್ ಪ್ರತಿಮೆಯನ್ನೂ ಅದೇ ಆವರಣಕ್ಕೆ ತಂದು ನಿಲ್ಲಿಸಿದ್ದರು. ಕ್ಲಬ್ಬಿನ ಒಡೆತನ ಬದಲಾದ 2013ರಲ್ಲೇ ಅದನ್ನು ತೆಗೆದರು. ಹೇನ್ಸ್ ಪ್ರತಿಮೆಯನ್ನು ಯಾರೂ ಮುಟ್ಟಲಿಲ್ಲ.