ಕಲ್ಲುಗಳ ಹಿರಿಯ ಕಿರಿಯರನ್ನು ಗುರುತಿಸಿದ ರಾಬರ್ಟ್ ಬ್ರೂಸ್ ಫೂಟ್

ಗ್ರಾನೈಟ್ ಎಂದರೆ ಎಲ್ಲವೂ ಒಂದೇ ಕಲ್ಲು ಎಂದು ನಾನು ತಿಳಿದಿದ್ದೆ. ಮನೆಯ ಹೊಸ್ತಿಲಿಗೂ ಅದೇ, ಹೊಲದ ಬದುವಿನ ಕಂಬಕ್ಕೂ ಅದೇ. ರಾಬರ್ಟ್ ಬ್ರೂಸ್ ಫೂಟ್ ಅವರ ಜೀವನವನ್ನು ಓದಿದ ಮೇಲೆ ನನ್ನ ಈ ಕಲ್ಪನೆ ಬದಲಾಯಿತು. ನಮ್ಮ ನಾಡಿನ ನೆಲದ ಚರಿತ್ರೆಗೆ ಧಾರವಾಡದ ಹೆಸರು ಕೊಟ್ಟವರು ಇವರೇ. ರಾಣೆಬೆನ್ನೂರು 1997ರವರೆಗೆ ಧಾರವಾಡ ಜಿಲ್ಲೆಯಲ್ಲೇ ಇತ್ತು. ಆದ್ದರಿಂದ ಇದು ನಮ್ಮ ಊರಿನ ಕಥೆಯೂ ಹೌದು.

ಫೂಟ್ ಹುಟ್ಟಿದ್ದು 1834ರಲ್ಲಿ, ಇಂಗ್ಲೆಂಡಿನಲ್ಲಿ. 1858ರಲ್ಲಿ, 24ನೇ ವಯಸ್ಸಿಗೆ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಸೇರಿ ಮದರಾಸಿಗೆ ಬಂದರು. 1863ರಲ್ಲಿ ಮದರಾಸಿನ ಸಮೀಪದ ಪಲ್ಲಾವರಂನಲ್ಲಿ ಅವರಿಗೆ ಹಳೆಯ ಶಿಲಾಯುಗದ ಒಂದು ಕಲ್ಲಿನ ಆಯುಧ ಸಿಕ್ಕಿತು. ಇತಿಹಾಸ ವಿದ್ಯಾರ್ಥಿಗಳಿಗೆ ಅವರು ಪರಿಚಯವಾಗುವುದು ಈ ಶೋಧದಿಂದ. ಆದರೆ ಅವರ ನಿತ್ಯದ ಕೆಲಸ ಬೆಟ್ಟಗಳನ್ನು ಸುತ್ತಿ ಬಂಡೆಗಳ ನಕ್ಷೆ ತಯಾರಿಸುವುದಾಗಿತ್ತು.

1870ರ ದಶಕದಲ್ಲಿ ಅವರು ನಮ್ಮ ಕಡೆ ಬಂದಾಗ ಇಲ್ಲಿಗೆ ಇನ್ನೂ ರೈಲು ಬಂದಿರಲಿಲ್ಲ. ಈಗ ಗದಗ ಜಿಲ್ಲೆಯಲ್ಲಿರುವ ಡಂಬಳದ ಬೆಟ್ಟಗಳಲ್ಲಿ ಚಿನ್ನವಿರುವ ಶಿಲೆಗಳನ್ನು ಪರಿಶೀಲಿಸಿ 1874ರಲ್ಲಿ ವರದಿ ಬರೆದರು. 1876ರಲ್ಲಿ ಬೆಳಗಾವಿಯ ಸುತ್ತಲಿನ ಪ್ರದೇಶ ಸೇರಿದಂತೆ ದಕ್ಷಿಣ ಮರಾಠಾ ಸೀಮೆಯ ಭೂರಚನೆಯ ಬಗ್ಗೆ ಅವರ ದೊಡ್ಡ ಗ್ರಂಥ ಪ್ರಕಟವಾಯಿತು. ಮುಂದೆ ಮೈಸೂರು, ಬಳ್ಳಾರಿ ಸೀಮೆಗಳಲ್ಲೂ ತಿರುಗಿದರು.

ಈ ತಿರುಗಾಟದಲ್ಲಿ ಅವರಿಗೆ ಎರಡು ಬಗೆಯ ನೆಲ ಕಾಣಿಸಿತು. ಒಂದು, ಗ್ರಾನೈಟನ್ನು ಹೋಲುವ, ಪಟ್ಟೆ ಪಟ್ಟೆಯಾದ ನೈಸ್ ಶಿಲೆ. ಇನ್ನೊಂದು, ಪದರ ಪದರವಾಗಿ ಬಿಡುವ, ಮಡಿಕೆ ಬಿದ್ದ ಶಿಸ್ಟ್ ಶಿಲೆಗಳ ಉದ್ದನೆಯ ಪಟ್ಟಿಗಳು. ಚಿನ್ನವಿದ್ದದ್ದು ಈ ಪಟ್ಟಿಗಳಲ್ಲಿ. 1880ರ ದಶಕದಲ್ಲಿ ಫೂಟ್ ಇವುಗಳನ್ನು ಪ್ರತ್ಯೇಕ ಗುಂಪಾಗಿ ವಿಂಗಡಿಸಿ ಧಾರವಾಡ ಶಿಲಾವ್ಯೂಹ ಎಂದು ಹೆಸರಿಟ್ಟರು. ನೈಸ್ ಮೊದಲು ಹುಟ್ಟಿದ ತಳ, ಧಾರವಾಡ ಶಿಲೆಗಳು ಅದರ ಮೇಲೆ ಆಮೇಲೆ ಕೂತವು ಎಂಬುದು ಅವರ ತೀರ್ಮಾನ. ಬಂಡೆಯ ವಯಸ್ಸು ಅಳೆಯುವ ಯಂತ್ರ ಆಗ ಇರಲಿಲ್ಲ. ಸುತ್ತಿಗೆ, ನಕ್ಷೆ ಮತ್ತು ಕಣ್ಣು, ಇಷ್ಟೇ ಅವರ ಸಾಧನ.

1891ರಲ್ಲಿ ನಿವೃತ್ತರಾದರೂ ಅವರು ಸುಮ್ಮನೆ ಕೂರಲಿಲ್ಲ. ಬರೋಡಾ ಸಂಸ್ಥಾನಕ್ಕೆ ಕೆಲಸ ಮಾಡಿದರು. 1894ರಲ್ಲಿ ಆರಂಭವಾದ ಮೈಸೂರು ಭೂವಿಜ್ಞಾನ ಇಲಾಖೆಗೆ ಮೊದಲ ಮುಖ್ಯಸ್ಥರಾದರು. ಕೊನೆಗೆ ಸೇಲಂ ಬಳಿಯ ಯೇರ್ಕಾಡಿನಲ್ಲಿ ನೆಲೆಸಿದರು. 1912ರಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡರು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅವರು ಕಟ್ಟಿದ ಇಲಾಖೆಯಲ್ಲೇ ಅವರ ಮಾತಿಗೆ ವಿರೋಧ ಬಂತು. ಅವರ ನಂತರ ಮುಖ್ಯಸ್ಥರಾದ ಡಬ್ಲ್ಯು.ಎಫ್. ಸ್ಮೀತ್, ಧಾರವಾಡ ಶಿಲೆಗಳೇ ಅತ್ಯಂತ ಹಳೆಯವು, ಗ್ರಾನೈಟ್ ಮತ್ತು ನೈಸ್ ಆಮೇಲೆ ಕೆಳಗಿನಿಂದ ನುಗ್ಗಿ ಬಂದವು ಎಂದು ವಾದಿಸಿದರು. ಶಿಸ್ಟನ್ನು ಸೀಳಿಕೊಂಡು ಹೋದ ಗ್ರಾನೈಟಿನ ಎಳೆಗಳು ಅವರ ಸಾಕ್ಷಿ. ಸೀಳಿದ್ದು ಸೀಳಿಸಿಕೊಂಡದ್ದಕ್ಕಿಂತ ಕಿರಿಯದು ಎಂಬುದು ಯಾರೂ ಒಪ್ಪುವ ಮಾತು. ಹಲವು ವರ್ಷ ಸ್ಮೀತ್ ಅವರ ಅಭಿಪ್ರಾಯವೇ ಮೈಸೂರಿನಲ್ಲಿ ನಡೆಯಿತು.

ಹಾಗಾದರೆ ಫೂಟ್ ತಪ್ಪಿದರೇ? ಉತ್ತರ ಚಿಕ್ಕಮಗಳೂರು ಜಿಲ್ಲೆಯಲ್ಲಿದೆ. ಬಾಬಾಬುಡನ್‌ಗಿರಿ ಸೀಮೆಯ ಕಲ್ದುರ್ಗದಲ್ಲಿ ಧಾರವಾಡ ಶಿಲೆಗಳಿಗೆ ಸೇರಿದ ಒಂದು ಪದರದೊಳಗೆ ಗ್ರಾನೈಟ್ ಮತ್ತು ನೈಸ್‌ನ ದುಂಡು ಕಲ್ಲುಗಳು ಹುದುಗಿವೆ. ಪಾಯಸದಲ್ಲಿ ದ್ರಾಕ್ಷಿ ಇದ್ದರೆ ದ್ರಾಕ್ಷಿ ಪಾಯಸಕ್ಕಿಂತ ಮೊದಲೇ ಇತ್ತು ಎಂದಲ್ಲವೇ? ಹಾಗೆಯೇ ಆ ಗ್ರಾನೈಟ್ ಹಿರಿಯದು.

ಆಮೇಲೆ ವಿಕಿರಣ ಕಾಲಮಾಪನ ಬಂತು. ನಮ್ಮ ರಸಾಯನಶಾಸ್ತ್ರದ ಪಾಠದಲ್ಲಿ ಬರುವ ಅರ್ಧಾಯುಷ್ಯದ ಲೆಕ್ಕವೇ ಇದು. ಗ್ರಾನೈಟಿನಲ್ಲಿರುವ ಜಿರ್ಕಾನ್ ಎಂಬ ಸಣ್ಣ ಹರಳಿನಲ್ಲಿ ಯುರೇನಿಯಂ ನಿಧಾನವಾಗಿ ಸೀಸವಾಗುತ್ತದೆ. ಎರಡರ ಪ್ರಮಾಣ ಅಳೆದರೆ ಹರಳಿನ ವಯಸ್ಸು ತಿಳಿಯುತ್ತದೆ. ಇಂಥ ವಿಧಾನಗಳಿಂದ ಹಾಸನ ಜಿಲ್ಲೆಯ ಗೊರೂರಿನ ನೈಸ್‌ಗೆ ಸುಮಾರು 330 ಕೋಟಿ ವರ್ಷ ಎಂದು ಗೊತ್ತಾಯಿತು. ರಾಮನಗರದಿಂದ ಉತ್ತರಕ್ಕೆ ನೂರಾರು ಕಿಲೋಮೀಟರ್ ಹಬ್ಬಿರುವ ಕ್ಲೋಸ್‌ಪೇಟೆ ಗ್ರಾನೈಟ್‌ಗೆ ಸುಮಾರು 250 ಕೋಟಿ ವರ್ಷ. ಧಾರವಾಡ ಶಿಲೆಗಳು ಇವೆರಡರ ನಡುವಿನವು. ತಳದ ವಿಷಯದಲ್ಲಿ ಫೂಟ್ ಸರಿ, ನುಗ್ಗಿದ ಗ್ರಾನೈಟಿನ ವಿಷಯದಲ್ಲಿ ಸ್ಮೀತ್ ಸರಿ. ಇಬ್ಬರೂ ಕಂಡದ್ದು ನಿಜ, ಆದರೆ ಗ್ರಾನೈಟ್ ಒಂದಲ್ಲ.

ಇದರಿಂದ ಬೆಟ್ಟಸಾಲಿನ ಕಥೆ ಬಿಡಿಸಿಕೊಳ್ಳುತ್ತದೆ. ಮೊದಲು ಹಳೆಯ ತಳ ಗಟ್ಟಿಯಾಯಿತು. ಅದು ಅಲ್ಲಲ್ಲಿ ಕುಸಿದು, ಸಮುದ್ರ ನುಗ್ಗಿ, ಲಾವಾ ಮತ್ತು ಕೆಸರು ತುಂಬಿದವು. ಆಮೇಲೆ ಭೂಭಾಗಗಳು ಒಂದನ್ನೊಂದು ಒತ್ತಿದಾಗ ಆ ಪದರಗಳು ಮಡಿಚಿ ಬೆಟ್ಟಗಳಾದವು. ಕೊನೆಗೆ ಹೊಸ ಗ್ರಾನೈಟ್ ಮೇಲೆದ್ದು ಎಲ್ಲವನ್ನೂ ಬೆಸೆಯಿತು. ನಾವು ಇಂದು ಕಾಣುವುದು ಸವೆದುಹೋದ ಆ ಪರ್ವತಗಳ ಬುಡ ಮಾತ್ರ. ಅಂದು ಸಮುದ್ರದಲ್ಲಿ ತುಂಬಿದ ಮರಳು-ಕೆಸರಿನಿಂದಾದ ಒಂದು ಶಿಲಾಸಮೂಹಕ್ಕೆ ಭೂವಿಜ್ಞಾನಿಗಳು ರಾಣೆಬೆನ್ನೂರಿನ ಹೆಸರನ್ನೇ ಇಟ್ಟಿದ್ದಾರೆ. ಇದನ್ನು ಓದಿದ ದಿನ ನನಗೆ ಹೆಮ್ಮೆಯೂ ಆಯಿತು, ಇಷ್ಟು ದಿನ ತಿಳಿದಿರಲಿಲ್ಲವಲ್ಲ ಎಂದು ನಾಚಿಕೆಯೂ ಆಯಿತು.

ಫೂಟ್ ತಮ್ಮ ಮಾತು ನಿಜವಾದದ್ದನ್ನು ನೋಡಲು ಉಳಿದಿರಲಿಲ್ಲ. ಆದರೂ ಕಂಡದ್ದನ್ನು ಕಂಡಂತೆ ನಕ್ಷೆಯಲ್ಲಿ ಬರೆದಿಟ್ಟು ಹೋದರು. ನಾವು ಪ್ರಯೋಗಾಲಯದಲ್ಲಿ ಉತ್ತರ ಮೊದಲೇ ತಿಳಿದುಕೊಂಡು ಅಂಕಿಗಳನ್ನು ಹೊಂದಿಸುತ್ತೇವೆ. ಅವರಿಂದ ನಾನು ಕಲಿಯಬೇಕಾದದ್ದು ಈ ಅಭ್ಯಾಸವನ್ನು ಬಿಡುವುದು. ಮುಂದಿನ ಸಲ ರಸ್ತೆಗಾಗಿ ಗುಡ್ಡ ಕಡಿದ ಜಾಗ ಕಂಡರೆ ಸ್ವಲ್ಪ ನಿಂತು ನೋಡಿ, ಗೆಳೆಯರೇ. ಯಾವ ಕಲ್ಲು ಯಾವುದನ್ನು ಸೀಳಿದೆ, ಯಾವುದು ಯಾವುದರೊಳಗೆ ಹುದುಗಿದೆ ಎಂದು ಕೇಳಿಕೊಳ್ಳಿ. ಫೂಟ್ ಕೇಳಿದ್ದೂ ಅಷ್ಟನ್ನೇ.