ನಗದೆ ನಗಿಸಿದ ಕಲಾವಿದ

ತಾನು ಎಳ್ಳಷ್ಟೂ ನಗದೆ ಲೋಕವನ್ನೆಲ್ಲ ನಗಿಸಿದವನು ಅಮೆರಿಕದ ಹಾಸ್ಯನಟ ಬಸ್ಟರ್ ಕೀಟನ್. ಕಲಾವಿದನಿಗೆ ಸ್ವಾತಂತ್ರ್ಯವು ಎಷ್ಟು ಅವಶ್ಯಕವೆಂಬುದಕ್ಕೆ ಆತನ ಚರಿತ್ರೆಯೇ ಸಾಕ್ಷಿಯೆಂದು ನಾವು ಭಾವಿಸುತ್ತೇವೆ.

1895ನೆಯ ಅಕ್ಟೋಬರ್ 4ರಂದು ಕ್ಯಾನ್ಸಾಸ್ ಸಂಸ್ಥಾನದ ಪಿಕ್ವಾ ಗ್ರಾಮದಲ್ಲಿ, ಊರೂರು ತಿರುಗುವ ನಟದಂಪತಿಗಳಿಗೆ ಆತನು ಜನಿಸಿದನು. ತಂದೆಯು ಬಾಲಕನನ್ನು ರಂಗದ ಮೇಲೆ ಎತ್ತಿ ಎಸೆಯುವುದೇ ಆ ಕುಟುಂಬದ ಆಟದ ಮುಖ್ಯ ವಿನೋದ. ಪೆಟ್ಟಾಗದಂತೆ ಬೀಳುವ ವಿದ್ಯೆಯೂ, ತಾನು ಗಂಭೀರವಾಗಿದ್ದಷ್ಟೂ ಸಭಿಕರು ಹೆಚ್ಚು ನಗುವರೆಂಬ ಮರ್ಮವೂ ಅಲ್ಲಿಯೇ ಆತನಿಗೆ ಕರಗತವಾದುವು.

1917ರಲ್ಲಿ ಕೀಟನ್ ನ್ಯೂಯಾರ್ಕಿನಲ್ಲಿ ಚಲಚ್ಚಿತ್ರವನ್ನು ಪ್ರವೇಶಿಸಿದನು. 1920ರಿಂದ ನಿರ್ಮಾಪಕ ಜೋಸೆಫ್ ಶೆಂಕನ ಬೆಂಬಲದಿಂದ ತನ್ನದೇ ಸ್ಟುಡಿಯೋದಲ್ಲಿ, ಮೊದಲೇ ಬರೆದಿಟ್ಟ ಕಥೆಯ ಕಟ್ಟಿಲ್ಲದೆ, ಮನಸ್ಸಿಗೆ ತೋರಿದಂತೆ ಮೂಕಚಿತ್ರಗಳನ್ನು ತೆಗೆದನು. 1926ರ ‘ದಿ ಜನರಲ್’ ಚಿತ್ರಕ್ಕಾಗಿ ಆರಿಗನ್ ಸಂಸ್ಥಾನದಲ್ಲಿ ನಿಜವಾದ ರೈಲು ಎಂಜಿನ್ನೊಂದನ್ನೇ ಉರಿಯುವ ಸೇತುವೆಯಿಂದ ನದಿಗೆ ಕೆಡವಿಸಿದನು. 1928ರ ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ ಚಿತ್ರದಲ್ಲಿ ಮನೆಯೊಂದರ ಮುಂಗೋಡೆಯೇ ಆತನ ಮೇಲೆ ಉರುಳುತ್ತದೆ; ಕಿಟಕಿಯ ತೆರಪು ಸರಿಯಾಗಿ ಆತನಿರುವಲ್ಲಿಗೇ ಬಂದುದರಿಂದ ಪ್ರಾಣವುಳಿಯುತ್ತದೆ. ಗೋಡೆಯ ಭಾರವು ನಿಜವಾದದ್ದು. ಕೆಲವು ಅಂಗುಲ ತಪ್ಪಿದ್ದರೂ ಮರಣವೇ ಗತಿಯಾಗಿತ್ತು.

ದುರ್ದೈವದಿಂದ ಅಪಾರ ವೆಚ್ಚದ ‘ದಿ ಜನರಲ್’ ನಷ್ಟಕ್ಕೀಡಾಯಿತು. 1928ರಲ್ಲಿ ಶೆಂಕನ ಸಲಹೆಯಂತೆ ಕೀಟನ್ ಸ್ವಂತ ಸ್ಟುಡಿಯೋವನ್ನು ಬಿಟ್ಟು ಮೆಟ್ರೋ-ಗೋಲ್ಡ್ವಿನ್-ಮೇಯರ್ ಕಂಪನಿಯ ಸಂಬಳದ ನಟನಾದನು. ತನ್ನ ಬಾಳಿನ ಅತಿದೊಡ್ಡ ತಪ್ಪು ಇದೇ ಎಂದು ಆತನೇ ಮುಂದೆ ಪರಿತಪಿಸಿದನು. ಅಲ್ಲಿ ಕಥೆ ಬರೆಯುವವರು ಒಬ್ಬರು, ಅಪ್ಪಣೆ ಕೊಡುವವರು ಮತ್ತೊಬ್ಬರು. ಆ ಸತ್ತ್ವಹೀನ ವಾಕ್ಚಿತ್ರಗಳು ಹಿಂದಿನವುಗಳಿಗಿಂತ ಹೆಚ್ಚು ಹಣ ಗಳಿಸಿದುವೆಂಬುದು ವಿಪರ್ಯಾಸ; ಕಂಪನಿಯ ಬೊಕ್ಕಸ ತುಂಬುತ್ತಿದ್ದಂತೆಯೇ ಕಲಾವಿದನು ಬರಿದಾದನು. ಮದ್ಯಪಾನವು ಅಂಟಿತು, ಸಂಸಾರವು ಒಡೆಯಿತು, 1933ರಲ್ಲಿ ಕಂಪನಿಯೂ ಆತನನ್ನು ಹೊರಗಟ್ಟಿತು. ಕೆಲವು ವರ್ಷಗಳ ಮೇಲೆ ಅದೇ ಕಂಪನಿಯಲ್ಲಿ ಅಲ್ಪವೇತನಕ್ಕೆ ಇತರ ನಟರಿಗಾಗಿ ಹಾಸ್ಯಪ್ರಸಂಗಗಳನ್ನು ಹೆಣೆದುಕೊಡಬೇಕಾಯಿತು.

1940ರಲ್ಲಿ ಎಲಿನಾರ್ ನಾರಿಸಳನ್ನು ವಿವಾಹವಾದ ಮೇಲೆ ಬಾಳು ಹಸನಾಯಿತು. ವಿಮರ್ಶಕ ಜೇಮ್ಸ್ ಏಜಿಯು 1949ರಲ್ಲಿ ಬರೆದ ಲೇಖನವು ಮರೆತ ಜನರಿಗೆ ಆತನನ್ನು ನೆನಪಿಸಿತು. 1960ರಲ್ಲಿ ಗೌರವ ಆಸ್ಕರ್ ಪ್ರಶಸ್ತಿಯು ದೊರೆಯಿತು. 1966ನೆಯ ಫೆಬ್ರವರಿ 1ರಂದು ಆತನು ಕಾಲವಾದನು. ಅಂದು ನಷ್ಟದ ಲೆಕ್ಕಕ್ಕೆ ಸೇರಿದ್ದ ‘ದಿ ಜನರಲ್’ ಚಿತ್ರವನ್ನು 1989ರಲ್ಲಿ ಅಮೆರಿಕವು ತನ್ನ ರಾಷ್ಟ್ರೀಯ ಚಿತ್ರಸಂಪತ್ತಿನ ಪ್ರಥಮ ಪಟ್ಟಿಯಲ್ಲಿಯೇ ಸೇರಿಸಿಕೊಂಡಿತು.

ಕಲೆಗೆ ಧನಸಹಾಯವು ಬೇಡವೆಂದು ನಾವು ಹೇಳುವುದಿಲ್ಲ; ಶೆಂಕನ ಹಣವಿಲ್ಲದೆ ಕೀಟನ್ನನ ಉತ್ತಮ ಚಿತ್ರಗಳೂ ಹುಟ್ಟುತ್ತಿರಲಿಲ್ಲ. ಆದರೆ ಹಣ ಕೊಡುವವನು ಕಲಾವಿದನ ಕೈಯನ್ನೂ ಹಿಡಿದು ನಡೆಸಹೊರಟರೆ ಕಲೆಯು ಉಳಿಯದು. ಕಲೆಗೆ ಆಶ್ರಯವೀಯುವವರೆಲ್ಲರೂ ಇದನ್ನು ಮನಗಾಣುವುದು ಒಳ್ಳೆಯದು.